ಸಮಪಾಲು ಬೇರೆ, ಸಮತೋಲನ ಬೇರೆ: ಹಸುವಿನ ಮೇವಿಗೂ ಲೆಕ್ಕ ಇದೆ

ನಾನು ಓದಿದ್ದು ತೋಟಗಾರಿಕೆ. ಸಾವಯವ ಬೇಸಾಯಕ್ಕೆ ಸಗಣಿ, ಗಂಜಲ ಬೇಕಲ್ಲ ಅಂತ ಎರಡು ಎಚ್‌ಎಫ್ ಮಿಶ್ರತಳಿ ಹಸು ಕಟ್ಟಿದೆ. ಬಾಳೆಗೆ ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಕೊಡೋ ನಾನು, ಹಸುಗಳಿಗೆ ಮಾತ್ರ ಕಣ್ಣಂದಾಜಲ್ಲೇ ಮೇವು ಹಾಕ್ತಿದ್ದೆ.

ಗೌರಿ ಕರು ಹಾಕಿ ನಾಲ್ಕು ತಿಂಗಳು, ದಿನಕ್ಕೆ 10 ಲೀಟರ್ ಹಾಲು. ಲಕ್ಷ್ಮಿ ಐದು ತಿಂಗಳ ಗಬ್ಬ, 4 ಲೀಟರ್ ಹಾಲು. "ಎರಡೂ ನಮ್ಮವೇ, ಭೇದ ಮಾಡ್ಬೇಡ ಮಗ" ಅಂತ ಅಮ್ಮ. ಹಾಗಾಗಿ ಎರಡಕ್ಕೂ 3.5 ಕೆಜಿ ಪಶು ಆಹಾರ. ಲಕ್ಷ್ಮಿ ಕೊಬ್ಬುತ್ತಾ ಹೋದಳು. ಗೌರಿಗೆ ಪಕ್ಕೆಲುಬು ಕಾಣಿಸ್ತು, ಬೆದೆಗೇ ಬರಲಿಲ್ಲ. ಒಂದು ಬೆದೆ ತಪ್ಪಿದರೆ 21 ದಿನ ನಷ್ಟ. ಪಶುವೈದ್ಯರು ನೋಡಿ, "ರೋಗ ಏನಿಲ್ಲ. ಹಾಲಿಗೆ ತಕ್ಕ ಆಹಾರ ಸಿಗ್ತಿಲ್ಲ, ಮೈ ಕರಗಿಸಿ ಹಾಲು ಕೊಡ್ತಿದೆ" ಅಂದರು.

ಅವತ್ತು ಕಲಿತ ಲೆಕ್ಕ ಇದು.

1. ತೂಕ: ಟೇಪ್ ಸಾಕು. ಎದೆಯ ಸುತ್ತಳತೆ × ಎದೆಯ ಸುತ್ತಳತೆ × ಭುಜದಿಂದ ಪುಟ್ಟದ ಮೂಳೆವರೆಗಿನ ಉದ್ದ (ಎಲ್ಲವೂ ಇಂಚಿನಲ್ಲಿ) ÷ 660 = ಸುಮಾರು ಎಷ್ಟು ಕೆಜಿ ಅಂತ ಸಿಗುತ್ತೆ. ಗೌರಿ 68 ಇಂಚು ಸುತ್ತ, 57 ಇಂಚು ಉದ್ದ. ಅಂದರೆ 400 ಕೆಜಿ.

2. ಒಟ್ಟು ಆಹಾರ: ಹಾಲು ಕೊಡೋ ಮಿಶ್ರತಳಿ ಹಸುವಿಗೆ ದಿನಕ್ಕೆ ತೂಕದ ಶೇ. 3ರಷ್ಟು ಒಣ ಪದಾರ್ಥ ಬೇಕು. ಗೌರಿಗೆ 12 ಕೆಜಿ. ಹಸಿ ಮೇವಿನಲ್ಲಿ ಮುಕ್ಕಾಲು ಭಾಗ ನೀರೇ ಇರೋದ್ರಿಂದ ಬುಟ್ಟಿ ತುಂಬಿದರೂ ಹೊಟ್ಟೆಗೆ ಸಿಗೋದು ಕಡಿಮೆ. 20 ಕೆಜಿ ಹಸಿ ಮೇವು, 4 ಕೆಜಿ ರಾಗಿ ಹುಲ್ಲು ಸೇರಿದರೆ ಸುಮಾರು 8 ಕೆಜಿ. ಉಳಿದದ್ದು ಪಶು ಆಹಾರದಿಂದ.

3. ಪಶು ಆಹಾರ: ಮೈ ಕಾಪಾಡಲು 1.5 ಕೆಜಿ, ಮೇಲೆ ಪ್ರತಿ 2.5 ಲೀಟರ್ ಹಾಲಿಗೆ 1 ಕೆಜಿ. ಮುಸುಕಿನ ಜೋಳದ ಜೊತೆ ಅಲಸಂದೆ ಬೆಳೆದು ಹಸಿ ಮೇವು ಕೊಟ್ಟರೆ ಅದರಲ್ಲಿ ಸುಮಾರು 1 ಕೆಜಿ ಉಳಿಸಬಹುದು. ಗೌರಿಗೆ 4.5 ಕೆಜಿ, ಲಕ್ಷ್ಮಿಗೆ 2 ಕೆಜಿ. ಮೊದಲು ಎರಡಕ್ಕೂ ಸೇರಿ 7 ಕೆಜಿ ಹೋಗ್ತಿತ್ತು, ಈಗ 6.5!

4. ಖನಿಜ ಮಿಶ್ರಣ: ದಿನಕ್ಕೆ 50 ಗ್ರಾಂ. ಬೆದೆ, ಗರ್ಭ ಎರಡಕ್ಕೂ ಇದು ಬೇಕೇ ಬೇಕು. ಕುಡಿಯೋ ನೀರು ಸದಾ ಎದುರಿಗಿರಲಿ.

ಎಚ್ಚರ: ಆಹಾರ ಒಂದೇ ದಿನಕ್ಕೆ ಬದಲಾಯಿಸಬೇಡಿ, ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಹಸು ಮೇವೇ ಬಿಡುತ್ತೆ. 7ರಿಂದ 10 ದಿನ ತಗೊಳ್ಳಿ. ಗಬ್ಬದ ಕೊನೆಯ ಎರಡು ತಿಂಗಳು ಕರುವಿಗಾಗಿ 1ರಿಂದ 1.5 ಕೆಜಿ ಹೆಚ್ಚಿಗೆ ಕೊಡಿ.

ಗೌರಿ ಎರಡು ತಿಂಗಳಲ್ಲಿ ಮೈ ತುಂಬಿಕೊಂಡು ಬೆದೆಗೆ ಬಂದಳು. ಈಗ ಗಬ್ಬ. ಈ ಲೆಕ್ಕ ಮೊದಲ ಹೆಜ್ಜೆ ಅಷ್ಟೆ. ನಿಮ್ಮ ಮೇವಿಗೆ ತಕ್ಕ ಹಾಗೆ ಹೊಂದಿಸಲು ಎನ್‌ಡಿಡಿಬಿಯ 'ಪಶು ಪೋಷಣ್' ಆ್ಯಪ್ ಇದೆ, ನಿಮ್ಮೂರ ಪಶುವೈದ್ಯರಿದ್ದಾರೆ. ಇವತ್ತು ಸಂಜೆ ಹಾಲು ಕರೆಯೋ ಮುಂಚೆ ಟೇಪ್ ಹಿಡಿದು ಕೊಟ್ಟಿಗೆಗೆ ಹೋಗಿ. ಅಲ್ಲಿಂದ ಶುರು ಮಾಡಿ.