ಮನೆಯಂಗಳದಲ್ಲಿ ಮಳೆಯಳತೆ

ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಯಲ್ಲಿ ಸಿಗುವ ಕೊಯಿಲದ ಹಸುರು ಗುಡ್ಡಗಳನ್ನು ಶ್ರಾವಣದಲ್ಲಿ ಕಂಡವರು, ಈ ಸೀಮೆಯಲ್ಲಿಯೂ ನೀರಿಗೆ ಬರವುಂಟೆಂದರೆ ನಂಬಲಾರರು. ವರ್ಷಕ್ಕೆ ಸುಮಾರು 3,500ರಿಂದ 4,000 ಮಿಲಿಮೀಟರು ಮಳೆ ಇಲ್ಲಿ ಸುರಿಯುತ್ತದೆ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಏಪ್ರಿಲ್ ಬಂತೆಂದರೆ ಗುಡ್ಡದ ಮೇಲಣ ಎಷ್ಟೋ ಬಾವಿಗಳಲ್ಲಿ ಕೊಡಪಾನವು ತಳಕ್ಕೆ ತಾಗುವ ಸದ್ದು ಕೇಳಿಸುತ್ತದೆ. ಇಷ್ಟು ನೀರು ಬಂದುದೆಲ್ಲಿಗೆ ಹೋಯಿತು? ಈ ಪ್ರಶ್ನೆಗೆ ಮನೆಮಂದಿಯೆಲ್ಲ ಕೂಡಿ ತಮ್ಮ ಅಂಗಳದ ಮಟ್ಟಿಗೆ ಉತ್ತರ ಹುಡುಕಬಹುದು. ಪರಿಸರದ ದಿನದಂದು ಸಸಿಯೊಂದನ್ನು ನೆಟ್ಟು, ಭಾವಚಿತ್ರ ತೆಗೆಸಿಕೊಂಡು, ಮರುದಿನ ಅದನ್ನು ಮರೆಯುವುದಕ್ಕಿಂತ ಮಕ್ಕಳಿಗೆ ಇದು ಹೆಚ್ಚು ಹಿತವಾದ ಕೆಲಸವೆಂದು ನನ್ನ ಎಣಿಕೆ.

ಮಳೆಯನ್ನಳೆಯುವ ಬಯಕೆ ಹೊಸತಲ್ಲ. ಉಗ್ರಾಣದ ಮುಂದೆ ಒಂದು ಮೊಳ ಅಗಲದ ಬಾಯಿಯುಳ್ಳ ಪಾತ್ರೆಯನ್ನಿಟ್ಟು ಮಳೆಯನ್ನಳೆಯಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಇಂಗ್ಲೆಂಡಿನಲ್ಲಿ ಜಾರ್ಜ್ ಸೈಮನ್ಸ್ ಎಂಬಾತನು 1860ನೆಯ ವರ್ಷಕ್ಕೆ 168 ಕಡೆಗಳ ಮಳೆಯ ಲೆಕ್ಕವನ್ನು ಕೂಡಿಸಿದನು. ಶತಮಾನ ಮುಗಿಯುವ ವೇಳೆಗೆ ಅವು ಮೂರು ಸಾವಿರಕ್ಕೂ ಮಿಕ್ಕಿದ್ದುವು. ಅಳೆದವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸಾಮಾನ್ಯ ಗೃಹಸ್ಥರು. ನಮ್ಮಲ್ಲಿಯೂ ಅಂಥವರುಂಟು: ಸುಳ್ಯ ತಾಲ್ಲೂಕಿನ ಬಾಳಿಲದ ಕೃಷಿಕರ ಮನೆಯೊಂದರಲ್ಲಿ 1976ರಿಂದ ಮಳೆಯ ಲೆಕ್ಕ ನಡೆದುಬಂದಿದೆ.

ಉಪಕರಣಕ್ಕೆ ಬೇಕಾದುದು ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ, ಚಪ್ಪಟೆ ತಳದ ಒಂದು ಡಬ್ಬಿ ಮತ್ತು ಒಂದು ಅಳತೆಪಟ್ಟಿ. ತಂಬಿಗೆ ನಡೆಯದು, ಅದರ ಬಾಯಿ ಕಿರಿದು, ಹೊಟ್ಟೆ ಹಿರಿದು. ಗೋಡೆ ನೆಟ್ಟಗಿದ್ದರೆ ಡಬ್ಬಿ ಸಣ್ಣದಾದರೂ ದೊಡ್ಡದಾದರೂ ನೀರಿನ ಆಳವೊಂದೇ: ಬಾಯಿ ಇಮ್ಮಡಿಯಾದರೆ ಬೀಳುವ ನೀರೂ ಇಮ್ಮಡಿ, ಅದು ಹರಡುವ ತಳವೂ ಇಮ್ಮಡಿ. ಇದನ್ನು ಮಕ್ಕಳಿಗೆ ಹೇಳಿಕೊಡಬೇಡಿರಿ. ಎರಡು ಡಬ್ಬಿಗಳನ್ನು ಪಕ್ಕಪಕ್ಕದಲ್ಲಿಟ್ಟು ಅವರೇ ಬೆರಗಾಗಲಿ. ದಿನವೊಂದಕ್ಕೆ 200 ಮಿಲಿಮೀಟರು ಮೀರುವ ಮಳೆಯೂ ಇಲ್ಲಿ ಅಪರೂಪಕ್ಕೆ ಬರುವುದರಿಂದ ಡಬ್ಬಿ ಒಂದಡಿಯಾದರೂ ಆಳವಿರಲಿ.

ಅದನ್ನಿಡುವ ಜಾಗದ್ದೇ ತೊಡಕು. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರವಿರಬೇಕೆಂಬುದು ನಿಯಮ. ಅಡಿಕೆಮರ ಹದಿನೈದು ಮೀಟರಿದ್ದರೆ ಮೂವತ್ತು ಮೀಟರು ಬಯಲು ಬೇಕು! ಅದೃಷ್ಟಕ್ಕೆ ಅಡಿಕೆ ಒಣಗಿಸುವ ಅಂಗಳವು ಮಳೆಗಾಲದಲ್ಲಿ ಬರಿದಾಗಿರುತ್ತದೆ. ನೆಲಕ್ಕೆ ಬಿದ್ದು ಸಿಡಿಯುವ ಹನಿಗಳು ಒಳಹೋಗದಂತೆ ಡಬ್ಬಿಯ ಅಂಚು ನೆಲದಿಂದ ಒಂದಡಿ ಮೇಲಿರಲಿ. ಹವಾಮಾನ ಇಲಾಖೆಯವರಂತೆ ನಾವೂ ಬೆಳಗಿನ 8.30ಕ್ಕೆ ಅಳೆದು, ಆ ದಿನದ ತಾರೀಕಿಗೇ ಬರೆದಿಡೋಣ. ಪಕ್ಕದ ಅಂಕಣವೊಂದನ್ನು ಅಜ್ಜಿಗೆ ಬಿಡಬಹುದು. ಆರ್ದ್ರೆ, ಪುನರ್ವಸು, ಪುಷ್ಯ ಎಂದು ಆಕೆ ಎಣಿಸುವ ಮಳೆನಕ್ಷತ್ರಗಳು ಹದಿಮೂರು ಹದಿನಾಲ್ಕು ದಿನಗಳ ಕಾಲಮಾನಗಳು; ಒಂದೊಂದು ನಕ್ಷತ್ರದ ಮೊತ್ತವನ್ನು ಕೂಡಿಸಿದರೆ ಆಕೆಯ ನೆನಪಿಗೂ ಲೆಕ್ಕದ ಪುಸ್ತಕಕ್ಕೂ ಸ್ವಾರಸ್ಯವಾದ ವಾದ ಹುಟ್ಟುತ್ತದೆ.

ಇನ್ನು ಲೆಕ್ಕ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆಯೆಂದರೆ ಸರಿಯಾಗಿ ಒಂದು ಲೀಟರು. ನೂರು ಚದರ ಮೀಟರಿನ ಮಾಡಿನ ಮೇಲೆ ವರ್ಷಕ್ಕೆ 3,500 ಮಿಲಿಮೀಟರು ಬಿದ್ದರೆ 3,50,000 ಲೀಟರಾಯಿತು. ಐವರ ಸಂಸಾರವು ದಿನಕ್ಕೆ 500 ಲೀಟರು ಬಳಸಿದರೂ ಅದು 700 ದಿನಗಳಿಗೆ ಸಾಲುವಷ್ಟು!

ಅದೆಲ್ಲ ಎಲ್ಲಿ ಹೋಗುತ್ತದೆಂಬುದಕ್ಕೆ ಮತ್ತೊಂದು ಪ್ರಯೋಗ. ಎರಡೂ ತುದಿ ಕತ್ತರಿಸಿದ, ಒಂದೇ ಅಳತೆಯ ಎರಡು ಡಬ್ಬಿಗಳನ್ನು ತೆಗೆದುಕೊಂಡು, ಹರಿತವಾದ ಅಂಚನ್ನು ಮಡಚುವ ಕೆಲಸ ಹಿರಿಯರದಾಗಲಿ. ಒಂದನ್ನು ಜನ ನಡೆದು ಗಟ್ಟಿಯಾದ ದಾರಿಯಲ್ಲಿ, ಇನ್ನೊಂದನ್ನು ಮರದಡಿಯ ತರಗೆಲೆ ಸರಿಸಿ ಮಣ್ಣಿನಲ್ಲಿ ಊರಿ, ಅರ್ಧರ್ಧ ಲೀಟರು ನೀರು ಹೊಯ್ದು ಗಡಿಯಾರ ನೋಡಬೇಕು. ಮರದಡಿಯ ನೀರು ಬೇಗನೆ ಇಂಗುತ್ತದೆ. ದಾರಿಯದು ನಿಂತೇ ಇರುತ್ತದೆ. ಬೇರು, ಎರೆಹುಳು, ಗೆದ್ದಲುಗಳು ಕೊರೆದ ಕಂಡಿಗಳೇ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ. ಹಾಗೆ ಇಂಗಿದ ನೀರೂ ಇದ್ದಲ್ಲಿಯೇ ಇರುವುದಿಲ್ಲ. ನಮ್ಮ ಮುರಕಲ್ಲು ತೂತುತೂತಾದ ಕಲ್ಲು; ಕೆಳಗಿನ ಜೇಡಿಯ ಪದರವನ್ನು ಮುಟ್ಟಿದ ನೀರು ಅಡ್ಡಲಾಗಿ ಸಾಗಿ ಕಣಿವೆಯಲ್ಲಿ ಒರತೆಯಾಗಿ ಹೊರಬೀಳುತ್ತದೆ. ಗುಡ್ಡದೊಳಕ್ಕೆ ಅಡ್ಡವಾಗಿ ಸುರಂಗ ಕೊರೆದು ನೀರು ತೆಗೆಯುವ ಇಲ್ಲಿಯ ಹಳೆಯ ವಿದ್ಯೆಗೆ ಈ ಅಡ್ಡಹರಿವೇ ಆಧಾರ. ಒಬ್ಬಂಟಿಯಾಗಿ ಸುರಂಗಗಳನ್ನು ತೋಡಿ, ಬೋಳುಗುಡ್ಡದಲ್ಲಿ ತೋಟ ಬೆಳೆಸಿದ ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ದೊರೆಯಿತು.

ಬಾವಿಯಿದ್ದವರು ಪ್ರತಿ ಭಾನುವಾರ, ಹಿರಿಯರೊಬ್ಬರ ಕೈಯಲ್ಲಿ ಕಲ್ಲು ಕಟ್ಟಿದ ಹಗ್ಗವನ್ನಿಳಿಸಿ, ಕಟ್ಟೆಯ ಮೇಲಣ ಒಂದೇ ಗುರುತಿನಿಂದ ನೀರಿನ ಮಟ್ಟವನ್ನಳೆಯಲಿ. ಚೌಕಳಿ ಕಾಗದದಲ್ಲಿ ಮಳೆಯನ್ನು ಕಂಬಗಳಾಗಿಯೂ ಬಾವಿಯ ಮಟ್ಟವನ್ನು ಗೆರೆಯಾಗಿಯೂ ಬಿಡಿಸಿದರೆ, ಮಳೆ ನಿಂತ ಎಷ್ಟು ವಾರಗಳಿಗೆ ನಿಮ್ಮ ಬಾವಿ ಇಳಿಯತೊಡಗುತ್ತದೆಂಬುದು ಕಣ್ಣಿಗೆ ಕಾಣುತ್ತದೆ. ಇಂಗುಗುಂಡಿ ತೋಡುವವರು ತೋಡುವ ಹಿಂದಿನ ಒಂದು ವರ್ಷದ ಗೆರೆಯನ್ನು ಕೈಯಲ್ಲಿಟ್ಟುಕೊಂಡಿರಬೇಕು. ಇಲ್ಲವಾದರೆ ಮಟ್ಟವೇರಿದುದು ಗುಂಡಿಯಿಂದಲೋ ಮಳೆ ಹೆಚ್ಚಿದುದರಿಂದಲೋ ಹೇಳಲಾಗದು. ಮಳೆಯಿಲ್ಲದ ದಿನ ಪುಸ್ತಕದಲ್ಲಿ ಸೊನ್ನೆಯನ್ನೇ ಬರೆಯಿರಿ. ನೆಂಟರ ಮನೆಗೆ ಹೋಗಿ ಅಳೆಯದೆ ಉಳಿದ ದಿನಕ್ಕೆ ಮಾತ್ರ ಒಂದು ಅಡ್ಡಗೆರೆ.