ಗರ್ಭಕೊರಳ ಕ್ಯಾನ್ಸರ್: ಗೆದ್ದವರು ಗೆಲ್ಲುವುದು ಹೇಗೆ?

ಸಿರುಗುಪ್ಪದ ಗದ್ದೆಗಳಲ್ಲಿ ಬತ್ತದ ನಾಟಿ ಶುರುವಾದರೆ ಹೆಣ್ಣುಮಕ್ಕಳಿಗೆ ಪುರುಸೊತ್ತಿರದು. ಕುರುಗೋಡಿನ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸುವ ಕಾಲವೂ ಹಾಗೆಯೇ. ವಾಸನೆಯ ಬಿಳಿಸೆರಗು, ಮುಟ್ಟು ನಿಂತ ಮೇಲೂ ಕಾಣಿಸುವ ರಕ್ತ - ಎಲ್ಲವೂ 'ಸುಗ್ಗಿ ಮುಗಿಯಲಿ, ತೋರಿಸಿದರಾಯಿತು' ಎಂದು ಮುಂದಕ್ಕೆ ಹೋಗುತ್ತವೆ. ಆರಂಭದಲ್ಲಿ ನೋವಿರುವುದಿಲ್ಲವಾದ್ದರಿಂದ ಸಂಕೋಚವೇ ಗೆಲ್ಲುತ್ತದೆ.

ಕ್ಯಾನ್ಸರ್ ಎಂದರೆ ಸಾವೇ ಎಂಬ ಮಾತು ಊರೂರಲ್ಲಿದೆ. ಲೆಕ್ಕ ಹೇಳುವುದು ಬೇರೆ. 1982ರಿಂದ 1989ರವರೆಗೆ ಬೆಂಗಳೂರಿನಲ್ಲಿ ಗರ್ಭಕೊರಳ ಕ್ಯಾನ್ಸರ್ ಪತ್ತೆಯಾದ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರ ವಿವರಗಳನ್ನು ಕಿದ್ವಾಯಿ ಸಂಸ್ಥೆಯ ತಜ್ಞರು ಕಲೆಹಾಕಿದರು. 1995ರಲ್ಲಿ ಅದು ಪ್ರಕಟವಾಯಿತು. ಐದು ವರ್ಷಗಳ ನಂತರ ಬದುಕಿದ್ದವರು ನೂರಕ್ಕೆ ಸುಮಾರು 34 ಮಂದಿ ಮಾತ್ರ. ಆದರೆ ಮೊದಲ ಹಂತದಲ್ಲೇ ಬಂದವರಲ್ಲಿ ಈ ಸಂಖ್ಯೆ 60ನ್ನು ದಾಟಿತ್ತು! ಕಾಯಿಲೆ ಅದೇ, ಊರೂ ಅದೇ. ಆಸ್ಪತ್ರೆಯ ಮೆಟ್ಟಿಲು ಹತ್ತಿದ ಕಾಲ ಮಾತ್ರ ಬೇರೆ.

ಗಂತಿ ಚಿಕ್ಕದಿದ್ದರೆ ಶಸ್ತ್ರಚಿಕಿತ್ಸೆ ಸಾಕಾಗಬಹುದು. ಹರಡಿದ್ದರೆ ವಿಕಿರಣ ಚಿಕಿತ್ಸೆ ಬೇಕು. ಜನರ ಬಾಯಲ್ಲಿ ಇದು 'ಕರೆಂಟು ಕೊಡುವುದು'. ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ ಹೊರಗಿನಿಂದ, ಆಮೇಲೆ ಕೆಲವು ಸಲ ಒಳಗಿನಿಂದ. ಜೊತೆಗೆ ವಾರಕ್ಕೊಮ್ಮೆ ಔಷಧಿ ಕೊಟ್ಟರೆ ಫಲ ಹೆಚ್ಚು ಎಂಬುದು 1999ರಲ್ಲಿ ದೃಢಪಟ್ಟಿತು. ಎಲ್ಲವೂ ಎಂಟು ವಾರಗಳೊಳಗೆ ಮುಗಿಯಬೇಕು. ನಡುವೆ ಬಿಟ್ಟರೆ ಉಳಿದ ಕ್ಯಾನ್ಸರ್ ಕಣಗಳು ಮತ್ತೆ ಬೆಳೆಯುತ್ತವೆ.

ಕಷ್ಟ ಇರುವುದು ಇಲ್ಲೇ. ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು. ಬಳ್ಳಾರಿಯಿಂದ ಬೆಂಗಳೂರಿಗೆ ಸುಮಾರು 300. ಬಸ್ಸಿನ ಖರ್ಚು, ತಪ್ಪುವ ಕೂಲಿ, ಮನೆಯಲ್ಲಿ ಅಡುಗೆ ಯಾರದು ಎಂಬ ಚಿಂತೆ. ರಕ್ತ ನಿಂತ ಕೂಡಲೇ 'ವಾಸಿಯಾಯಿತು' ಎಂದು ಅರ್ಧಕ್ಕೇ ಮರಳುವವರೂ ಇದ್ದಾರೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಚಿಕಿತ್ಸೆಯ ಹೊರೆ ಇಳಿಸೀತು. ಅಡುಗೆಯ ಹೊರೆ ಇಳಿಸಬೇಕಾದವರು ಮನೆಯವರೇ.

ಚಿಕಿತ್ಸೆ ಮುಗಿದ ಮೇಲೂ ಕಾವಲು ಬೇಕು. ಕಾಯಿಲೆ ಮರುಕಳಿಸಿದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲೇ. ಆದ್ದರಿಂದ ಮೂರ್ನಾಲ್ಕು ತಿಂಗಳಿಗೊಮ್ಮೆ, ಬಳಿಕ ಆರು ತಿಂಗಳಿಗೊಮ್ಮೆ ತಪಾಸಣೆ ಅಗತ್ಯ. ಚೀಟಿಯಲ್ಲಿ ಬರೆದ ಮುಂದಿನ ತಾರೀಖನ್ನು ಅಮ್ಮ ಓದಲಾರಳು ಎಂದಾದರೆ ಓದುವ ಮಗಳಿದ್ದಾಳೆ, ಮಗನಿದ್ದಾನೆ. ಗೋಡೆಯ ಕ್ಯಾಲೆಂಡರಿನಲ್ಲಿ ಅದಕ್ಕೊಂದು ಗುರುತು ಹಾಕುವುದು ದೊಡ್ಡ ಕೆಲಸವೇನಲ್ಲ.

ಈ ಕಾಯಿಲೆಗೆ ಮೂಲ ಎಚ್.ಪಿ.ವಿ. ಎಂಬ ವೈರಸ್. ಇದನ್ನು ಕಂಡುಹಿಡಿದ ಜರ್ಮನಿಯ ಹರಾಲ್ಡ್ ಝುರ್ ಹೌಸೆನ್ 2008ರಲ್ಲಿ ನೊಬೆಲ್ ಪಡೆದರು. ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹದಿನೈದಿಪ್ಪತ್ತು ವರ್ಷ ಬೇಕು. ತಡೆಯಲು ಇದು ದೀರ್ಘ ಅವಕಾಶ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಲಸಿಕೆಯಿದೆ. ಮೂವತ್ತು ದಾಟಿದ ತಾಯಂದಿರಿಗೆ ಸರಳ ಪರೀಕ್ಷೆಯಿದೆ: ತೆಳುವಾದ ಅಸಿಟಿಕ್ ಆಮ್ಲ ಸವರಿದರೆ ಕೆಟ್ಟ ಭಾಗ ಬೆಳ್ಳಗೆ ಕಾಣುತ್ತದೆ. ಕೆಲವೇ ನಿಮಿಷಗಳ ಕೆಲಸ.

ಸುಗ್ಗಿ ಪ್ರತಿ ವರ್ಷ ಬರುತ್ತದೆ. ಅಮ್ಮ ಒಬ್ಬಳೇ.