ಹೆಸರು ಬದಲಾದರೂ ತಪ್ಪದ ಕೊಂಡಿ

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಉಚ್ಚಾರಣೆಗೆ ಹೊಂದಿಸಿ ಅಧಿಕೃತವಾಗಿ ಬದಲಾಯಿಸಿದಾಗ ಚಿಕ್ಕಮಗಳೂರೂ ಆ ಪಟ್ಟಿಯಲ್ಲಿತ್ತು. ಫಲಕ, ಮೊಹರುಗಳನ್ನು ತಿದ್ದುವುದು ಕಣ್ಣಿಗೆ ಕಾಣುವ ಕೆಲಸ. ಆದರೆ ಊರಿನ ಹಳೆಯ ಕಾಗುಣಿತವನ್ನೇ ತನ್ನ ಡೊಮೈನ್‌ನಲ್ಲಿ, ಅಂದರೆ ನೋಂದಾಯಿತ ಜಾಲನಾಮದಲ್ಲಿ, ಇಟ್ಟುಕೊಂಡ ಜಾಲತಾಣವೊಂದು ಹೊಸ ಹೆಸರಿಗೆ ಹೊರಳಬೇಕಾದರೆ ಎಷ್ಟು ಪುಟಗಳನ್ನು ತಿದ್ದಬೇಕಾಗುತ್ತದೆ ಎಂಬುದು ಅದರ ಕೊಂಡಿಗಳನ್ನು ಮೊದಲಿಗೆ ಬರೆದ ಬಗೆಯನ್ನು ಅವಲಂಬಿಸಿರುತ್ತದೆ.

ಕೊಂಡಿಗಳಲ್ಲಿ ಎರಡು ಬಗೆ. ಎಚ್‌ಟಿಟಿಪಿಎಸ್ ಎಂಬ ಸಂಪರ್ಕ ವಿಧಾನದಿಂದ ಆರಂಭಿಸಿ ಡೊಮೈನ್, ಫೋಲ್ಡರ್, ಕಡತದ ಹೆಸರುಗಳೆಲ್ಲವನ್ನೂ ಹೇಳುವುದು ಪೂರ್ಣ ಕೊಂಡಿ. ಡೊಮೈನನ್ನು ಬಿಟ್ಟು ದಾರಿಯನ್ನಷ್ಟೇ ಹೇಳಿ, ಉಳಿದದ್ದನ್ನು ಓದುಗ ಈಗ ತೆರೆದಿರುವ ಪುಟದ ವಿಳಾಸದಿಂದ ತುಂಬಿಕೊಳ್ಳಲು ಬ್ರೌಸರ್‌ಗೆ ಬಿಡುವುದು ಸಾಪೇಕ್ಷ ಕೊಂಡಿ. ಸಾಪೇಕ್ಷ ಕೊಂಡಿ ದಾರಿ ಹೇಳಿದ ಹಾಗೆ: ಚಿಕ್ಕಮಗಳೂರು ಜಿಲ್ಲೆಯ ಕಳಸಕ್ಕೆ ಹೋಗಲು ಕೊಟ್ಟಿಗೆಹಾರದಲ್ಲಿ ಬಲಕ್ಕೆ ತಿರುಗಬೇಕೆಂಬ ಮಾತು ಮೂಡಿಗೆರೆಯಿಂದ ಬಂದವರಿಗೆ ಸರಿ, ಚಾರ್ಮಾಡಿ ಘಾಟಿ ಹತ್ತಿ ಬಂದವರಿಗೆ ತಪ್ಪು. ಕಳಸದ ಪಿನ್‌ಕೋಡ್ 577124 ಮಾತ್ರ, ಪೂರ್ಣ ಕೊಂಡಿಯ ಹಾಗೆ, ಎಲ್ಲಿಂದ ಬರೆದರೂ ಅದೇ. ಸಾಪೇಕ್ಷ ಕೊಂಡಿಯಿಂದ ಪೂರ್ಣ ವಿಳಾಸವನ್ನು ಬ್ರೌಸರ್ ಹೇಗೆ ಲೆಕ್ಕಹಾಕಬೇಕೆಂಬುದನ್ನು ಆರ್‌ಎಫ್‌ಸಿ 1808 ಎಂಬ ದಾಖಲೆ 1995ರಲ್ಲಿ ನಿಗದಿಗೊಳಿಸಿತು. 2005ರ ಆರ್‌ಎಫ್‌ಸಿ 3986 ಅದರ ಸ್ಥಾನಕ್ಕೆ ಬಂದಿತು.

ಹೋಮ್‌ಸ್ಟೇ ಒಂದರ ತಾಣದಲ್ಲಿ ‘ಕೊಠಡಿಗಳು’ ಎಂಬ ಫೋಲ್ಡರಿನ ಪುಟಕ್ಕೆ ಕಾಫಿ ಹೂವಿನ ಚಿತ್ರವೊಂದನ್ನು ಹಾಕಬೇಕಾಗಿದೆ ಎಂದುಕೊಂಡರೆ, ‘../ಚಿತ್ರಗಳು/ಹೂವು.ಜೆಪಿಜಿ’ ಎಂದು ಬರೆಯಬಹುದು. ಇಲ್ಲಿನ ಎರಡು ಚುಕ್ಕೆಗಳಿಗೆ ಒಂದು ಫೋಲ್ಡರ್ ಮೇಲಕ್ಕೆ ಹೋಗು ಎಂಬ ಅರ್ಥವಿದೆ. ಮುಂದೆ ಆ ಪುಟವನ್ನು ಇನ್ನೂ ಒಂದು ಹಂತ ಒಳಗಿನ ಫೋಲ್ಡರಿಗೆ ಸರಿಸಿದ ಕೂಡಲೇ ಲೆಕ್ಕ ತಪ್ಪಿ ಚಿತ್ರ ಮಾಯವಾಗುತ್ತದೆ. ಅದನ್ನೇ ಓರೆಗೆರೆಯಿಂದ ಆರಂಭಿಸಿ ‘/ಚಿತ್ರಗಳು/ಹೂವು.ಜೆಪಿಜಿ’ ಎಂದು ಬರೆದರೆ ಎಣಿಕೆ ತಾಣದ ಬುಡದಿಂದ ಶುರುವಾಗುವುದರಿಂದ ಪುಟ ಎಲ್ಲಿಗೆ ಸರಿದರೂ, ಡೊಮೈನ್ ಬದಲಾದರೂ ಚಿತ್ರ ಉಳಿಯುತ್ತದೆ. ತಾಣದ ಒಳಗಿನ ಕೊಂಡಿಗಳಿಗೆ ಈ ಬಗೆಯೇ ಮೇಲು. ಇದಕ್ಕಿರುವ ಮಿತಿಯೆಂದರೆ, ಪುಟವನ್ನು ಲ್ಯಾಪ್‌ಟಾಪಿನ ಫೋಲ್ಡರಿನಿಂದ ನೇರವಾಗಿ ತೆರೆದಾಗ ಬ್ರೌಸರ್ ಡಿಸ್ಕಿನ ಬುಡದಲ್ಲಿ ಚಿತ್ರವನ್ನು ಹುಡುಕಿ ಸೋಲುತ್ತದೆ. ಸಿಗ್ನಲ್ ಸಿಗದ ತೋಟದ ಮನೆಯಲ್ಲಿ ಕುಳಿತು ತಾಣ ಕಟ್ಟುವವರು ಲ್ಯಾಪ್‌ಟಾಪಿನಲ್ಲೇ ಓಡುವ ಪುಟ್ಟ ಸರ್ವರ್ ತಂತ್ರಾಂಶವೊಂದನ್ನು ಹಾಕಿಕೊಂಡರೆ ಈ ತೊಡಕು ನೀಗುತ್ತದೆ. ಪೂರ್ಣ ಕೊಂಡಿಗಳಾದರೋ ಪಕ್ಕದಲ್ಲೇ ಕಡತವಿದ್ದರೂ ಅಂತರಜಾಲವನ್ನೇ ಬೇಡುತ್ತವೆ.

ಹೆಸರಿನ ಬದಲಾವಣೆ ಅಪರೂಪವಾದರೂ ಸಂಪರ್ಕ ವಿಧಾನದ ಬದಲಾವಣೆ ಎಲ್ಲ ತಾಣಗಳನ್ನೂ ತಟ್ಟಿದೆ. 2018ರ ಜುಲೈಯಲ್ಲಿ ಬಂದ ಕ್ರೋಮ್ 68 ಹಳೆಯ ಎಚ್‌ಟಿಟಿಪಿ ತಾಣಗಳೆಲ್ಲವನ್ನೂ ಸುರಕ್ಷಿತವಲ್ಲ ಎಂದು ಗುರುತಿಸತೊಡಗಿದಾಗ, ಎಚ್‌ಟಿಟಿಪಿ ಎಂದೇ ಪೂರ್ಣ ಕೊಂಡಿ ಬರೆದಿದ್ದವರು ಅವನ್ನು ಒಂದೊಂದಾಗಿ ಹುಡುಕಿ ತಿದ್ದಬೇಕಾಯಿತು. ಸಾಪೇಕ್ಷ ಕೊಂಡಿಗಳನ್ನು ಯಾರೂ ಮುಟ್ಟಬೇಕಾಗಲಿಲ್ಲ.

ಹಾಗೆಂದು ಪೂರ್ಣ ಕೊಂಡಿಯನ್ನು ಕೈಬಿಡುವಂತಿಲ್ಲ. ಪುಟದಿಂದ ಹೊರಬಿದ್ದು ಸಂಚರಿಸುವ ಇಮೇಲ್, ವಾಟ್ಸ್‌ಆ್ಯಪ್ ಸಂದೇಶಗಳಿಗೂ, ಹುಡುಕುತಾಣಗಳಿಗೆ ಒಪ್ಪಿಸುವ ಸೈಟ್‌ಮ್ಯಾಪ್ ಎಂಬ ಪುಟಪಟ್ಟಿಗೂ ಅದು ಅನಿವಾರ್ಯ. ವಿಳಾಸದಲ್ಲಿ ಕನ್ನಡ ಅಕ್ಷರ ಬಳಸುವವರು ಒಂದು ಸಂಗತಿಯನ್ನು ತಿಳಿದಿರಬೇಕು: ಕೊಂಡಿಯನ್ನು ನಕಲಿಸಿದಾಗ ಪ್ರತಿ ಅಕ್ಷರಸಂಕೇತವೂ ಶೇಕಡಾ ಚಿಹ್ನೆ ಬೆರೆತ 9 ಚಿಹ್ನೆಗಳಾಗುವುದುಂಟು, ಹೀಗಾಗಿ ‘ಕಳಸ’ ಎಂಬ ಮೂರಕ್ಷರ 27 ಚಿಹ್ನೆಗಳಷ್ಟು ಉದ್ದವಾಗುತ್ತದೆ.

ಬೇರೆಯವರ ಪುಟಗಳಲ್ಲಿ, ಹಳೆಯ ಅತಿಥಿಗಳ ಸಂದೇಶಗಳಲ್ಲಿ ಉಳಿದ ಪೂರ್ಣ ಕೊಂಡಿಗಳನ್ನು ತಾಣದ ಒಡೆಯರು ತಿದ್ದಲಾರರು. ಆದುದರಿಂದ ಹೆಸರು ಬದಲಾಯಿಸುವ ತೋಟದ ಮಾಲೀಕರು, ಹೋಮ್‌ಸ್ಟೇಯವರು, ಸಂಘಸಂಸ್ಥೆಗಳು ಹಳೆಯ ಡೊಮೈನಿನ ನೋಂದಣಿಯನ್ನು ವರ್ಷವರ್ಷವೂ ನವೀಕರಿಸುತ್ತಾ, ಅಲ್ಲಿಗೆ ಬಂದವರನ್ನು ಶಾಶ್ವತ ವರ್ಗಾವಣೆಯ 301 ಸಂಕೇತದೊಂದಿಗೆ ಹೊಸ ತಾಣದ ಅದೇ ಪುಟಕ್ಕೆ ಕಳುಹಿಸುವ ಏರ್ಪಾಡನ್ನು ತಪ್ಪದೆ ಮಾಡಿಸಬೇಕು.